ವ್ರತವೂ ವ್ಯಾಪಾರವೂ: ಮ್ಯಾಕ್ಸ್ ವೆಬರ್ ಕಂಡ ಜೈನ ವಣಿಕ

ಸಮಾಜದ ಸಭೆಗಳಲ್ಲಿ, ಅದರಲ್ಲಿಯೂ ದಾನಿಗಳನ್ನು ಸನ್ಮಾನಿಸುವ ಸಮಾರಂಭಗಳಲ್ಲಿ, ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಜರ್ಮನಿಯ ಮಹಾವಿದ್ವಾಂಸ ಮ್ಯಾಕ್ಸ್ ವೆಬರ್ ಜೈನಧರ್ಮವನ್ನು ಉದ್ಯಮಶೀಲತೆಯ ಧರ್ಮವೆಂದು ಕೊಂಡಾಡಿದ್ದಾನೆ. ನಮ್ಮವರ ಐಶ್ವರ್ಯಕ್ಕೆ ನಮ್ಮ ವ್ರತಗಳೇ ಕಾರಣವೆಂಬುದಕ್ಕೆ ಪರದೇಶದ ಪಂಡಿತನ ಸಾಕ್ಷ್ಯವೇ ಇದೆ ಎಂಬುದು ಆ ಮಾತು. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಹೀಗೆ ಹೇಳುವವರಲ್ಲಿ ಎಷ್ಟು ಮಂದಿ ವೆಬರನ ಆ ಪುಟಗಳನ್ನು ಓದಿದ್ದಾರೋ ಕಾಣೆ. ಓದಿದವರಿಗೆ ಅದು ಬರಿಯ ಹೊಗಳಿಕೆಯಾಗಿ ಕಾಣಲಾರದು. ಜೈನರು ವ್ಯಾಪಾರದಲ್ಲಿ ಮುಂದೆ ಬಂದದ್ದು ಹೇಗೆ ಎಂಬುದರ ಜೊತೆಗೆ, ಅಲ್ಲಿಂದ ಮುಂದಕ್ಕೆ ಅಡಿಯಿಡಲಾರದೆ ನಿಂತದ್ದು ಏಕೆ ಎಂಬುದೂ ಆತನ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯನ್ನು ಮರೆತು ಉತ್ತರದ ಅರ್ಧವನ್ನು ಮಾತ್ರ ಹಾರವನ್ನಾಗಿ ಧರಿಸಿಕೊಳ್ಳುವುದು ವಿದ್ವತ್ತಿಗೂ ಶ್ರಾವಕಾಚಾರಕ್ಕೂ ಒಪ್ಪುವ ಕೆಲಸವಲ್ಲ.

ವೆಬರ್ ೧೯೦೪-೦೫ರಲ್ಲಿ ಪ್ರಕಟಿಸಿದ ಪ್ರೊಟೆಸ್ಟಂಟ್ ನೀತಿಯನ್ನು ಕುರಿತ ಪ್ರಬಂಧದ ಸಾರ ಹಲವರಿಗೆ ತಿಳಿದದ್ದೇ. ಕಸುಬೇ ದೈವದ ಕರೆ ಎಂದು ನಂಬಿದ, ಮುಕ್ತಿಯ ವಿಷಯದಲ್ಲಿ ಸದಾ ಸಂಶಯಗ್ರಸ್ತನಾದ ಕ್ಯಾಲ್ವಿನ್ ಪಂಥದ ಭಕ್ತ ಹಗಲಿರುಳೂ ದುಡಿದ. ಭೋಗ ನಿಷಿದ್ಧವಾದುದರಿಂದ ಗಳಿಸಿದ್ದನ್ನು ಉಣ್ಣದೆ ಮತ್ತೆ ಬಂಡವಾಳವಾಗಿ ತೊಡಗಿಸಿದ. ಈ ವೈರಾಗ್ಯವೇ ಆಧುನಿಕ ಬಂಡವಾಳಶಾಹಿಯ ಚೈತನ್ಯಕ್ಕೆ ಹುಟ್ಟು ನೀಡಿತು ಎಂಬುದು ಅಲ್ಲಿಯ ವಾದ. ಇದೇ ವೈರಾಗ್ಯ ಬೇರೆ ಧರ್ಮಗಳಲ್ಲಿಯೂ ಇದ್ದರೆ ಅಲ್ಲೇಕೆ ಅದೇ ಫಲ ದೊರೆಯಲಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿ ಆತ ಚೀನಾಕ್ಕೂ ಭಾರತಕ್ಕೂ ಬಂದ. ಬಂದನೆಂದರೆ ಗ್ರಂಥಗಳ ಮೂಲಕ ಬಂದನೆಂದೇ ಅರ್ಥ. ಭಾರತವನ್ನು ಆತ ಕಣ್ಣಾರೆ ಕಂಡವನಲ್ಲ. ಅನುವಾದಿತ ಶಾಸ್ತ್ರಗಳು, ಜನಗಣತಿಯ ವರದಿಗಳು, ಗೆಜೆಟಿಯರುಗಳು ಆತನ ಆಧಾರ. ಹಿಂದೂ ಮತ್ತು ಬೌದ್ಧ ಧರ್ಮಗಳನ್ನು ಕುರಿತ ಆ ಅಧ್ಯಯನ ೧೯೧೬-೧೭ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದಿತು. ಇಂಗ್ಲಿಷಿಗೆ ಬಂದದ್ದು ೧೯೫೮ರಲ್ಲಿ. ಜೈನರ ಪ್ರಸ್ತಾಪ ಅದರಲ್ಲಿ ಕೆಲವೇ ಪುಟಗಳಷ್ಟು.

ಆ ಪುಟಗಳಲ್ಲಿ ಆತ ಹೇಳುವುದು ಸ್ಥೂಲವಾಗಿ ಇಷ್ಟು. ಅಹಿಂಸಾವ್ರತವು ಬೇಸಾಯವನ್ನೂ, ಬೆಂಕಿ ಮತ್ತು ಹರಿತವಾದ ಆಯುಧಗಳನ್ನು ಬಳಸುವ ಕಸುಬುಗಳನ್ನೂ ಜೈನನಿಗೆ ಮುಚ್ಚಿಬಿಟ್ಟಿತು. ತೆರೆದಿದ್ದ ಬಾಗಿಲು ವ್ಯಾಪಾರವೊಂದೇ. ಸತ್ಯ ಮತ್ತು ಅಚೌರ್ಯ ವ್ರತಗಳು ಆತನನ್ನು ನಂಬಿಕೆಗೆ ಅರ್ಹನನ್ನಾಗಿ ಮಾಡಿದುವು. ಅಪರಿಗ್ರಹವು ಸಂಪತ್ತಿನ ಭೋಗವನ್ನು ತಡೆಯಿತೇ ಹೊರತು ಸಂಪಾದನೆಯನ್ನು ತಡೆಯಲಿಲ್ಲ. ಹೀಗಾಗಿ ಹಣ ತಾನಾಗಿ ಕೂಡಿತು. ದಿಗ್ವ್ರತ, ದೇಶವ್ರತಗಳು ಸಂಚಾರಕ್ಕೆ ಮಿತಿಯಿಟ್ಟುದರಿಂದ ಆತ ಸ್ಥಳಬದ್ಧ ವರ್ತಕನಾದ. ಈ ಎಲ್ಲ ಲಕ್ಷಣಗಳಲ್ಲಿ ಜೈನರು ಯೂರೋಪಿನ ಯೆಹೂದ್ಯರನ್ನೂ ಪ್ರೊಟೆಸ್ಟಂಟ್ ವಿರಕ್ತ ಪಂಥಗಳನ್ನೂ ಹೋಲುತ್ತಾರೆ. ಆದರೂ ವಾಣಿಜ್ಯದಲ್ಲಿಯೇ ಉಳಿದರು, ಕೈಗಾರಿಕೆಯನ್ನು ಸಂಘಟಿಸಲಿಲ್ಲ.

ಈ ವಿವರಣೆಯಲ್ಲಿ ಬೆಲೆಯುಳ್ಳ ಅಂಶ ಇಲ್ಲದಿಲ್ಲ. ಧರ್ಮವನ್ನು ಬರಿಯ ತತ್ತ್ವವಾಗಿ ನೋಡದೆ ದಿನದಿನದ ನಡೆಯಾಗಿ ವೆಬರ್ ನೋಡಿದ. ಇದು ಸಾಮಾನ್ಯ ಸಾಧನೆಯಲ್ಲ. ಅಚೌರ್ಯಾಣುವ್ರತಕ್ಕೆ ಉಮಾಸ್ವಾತಿ ಆಚಾರ್ಯರು ಹೇಳಿರುವ ಐದು ಅತಿಚಾರಗಳನ್ನು ನೆನೆಯಬಹುದು: ಕಳ್ಳತನಕ್ಕೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಪದಾರ್ಥಕ್ಕೆ ಅದರಂತೆಯೇ ಕಾಣುವ ಕೀಳು ಪದಾರ್ಥವನ್ನು ಬೆರೆಸುವುದು. ಇವು ಅರಣ್ಯದಲ್ಲಿ ಧ್ಯಾನಸ್ಥನಾದ ಯತಿಗೆ ಹೇಳಿದ ಮಾತುಗಳಲ್ಲ. ತಕ್ಕಡಿಯ ಮುಂದೆ ಕುಳಿತವನನ್ನು ಎದುರಿಗಿಟ್ಟುಕೊಂಡು ಹೇಳಿದವು. ಸಂತೆಯ ಊರೊಂದರಲ್ಲಿ ದಿನಸಿ ಅಂಗಡಿ ಇಟ್ಟಿದ್ದ ನನ್ನ ಅಜ್ಜ ಬೆಳಗ್ಗೆ ಬಾಗಿಲು ತೆರೆದೊಡನೆ ಖಾಲಿ ತಟ್ಟೆಗಳನ್ನು ತೂಗಿ, ಮುಳ್ಳು ನೆಟ್ಟಗೆ ನಿಂತದ್ದನ್ನು ನೋಡಿಯೇ ಮೊದಲ ಗಿರಾಕಿಯನ್ನು ಮಾತನಾಡಿಸುತ್ತಿದ್ದರು. ಇಂಥ ಕಡೆ ವೆಬರನ ದೃಷ್ಟಿ ಸರಿಯಾದುದನ್ನೇ ಕಂಡಿದೆ.

ಆದರೆ ಆತನ ವಾದದ ಮೊದಲ ಮೆಟ್ಟಿಲೇ ಕರ್ನಾಟಕದಲ್ಲಿ ಕುಸಿಯುತ್ತದೆ. ೨೦೧೧ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು ೪೪.೫ ಲಕ್ಷ, ಅವರಲ್ಲಿ ೪.೪ ಲಕ್ಷ ಮಂದಿ ನಮ್ಮ ರಾಜ್ಯದವರು. ಬೆಳಗಾವಿ ಸೀಮೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ದಕ್ಷಿಣ ಮಹಾರಾಷ್ಟ್ರದಲ್ಲಿಯೂ ಇರುವ ದಿಗಂಬರ ಜೈನರಲ್ಲಿ ಬಹುಸಂಖ್ಯಾತರು ತಲೆತಲಾಂತರದಿಂದ ಒಕ್ಕಲುತನದವರು. ತುಳುನಾಡಿನಲ್ಲಿ ಅವರು ಭೂಮಿಯ ಒಡೆಯರಾಗಿದ್ದರು. ವ್ರತ ಅದೇ, ಶಾಸ್ತ್ರ ಅದೇ, ಜಿನಬಿಂಬ ಅದೇ. ಆದರೂ ಇವರಿಗೆ ನೇಗಿಲು ನಿಷಿದ್ಧವಾಗಲಿಲ್ಲ. ಶ್ರಾವಕನು ಬಿಡಬೇಕಾದದ್ದು ಸಂಕಲ್ಪಪೂರ್ವಕವಾದ ಹಿಂಸೆ. ಆರಂಭ ಮತ್ತು ಉದ್ಯೋಗಗಳಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಯಲ್ಲಿ ಆತ ಎಚ್ಚರದಿಂದಿರಬೇಕು ಎಂಬ ವಿವೇಚನೆ ನಮ್ಮ ಪರಂಪರೆಯಲ್ಲಿ ಸ್ಪಷ್ಟವಾಗಿದೆ. ಪಂಪನ ಮೂಲಕ ಕನ್ನಡಿಗರಿಗೆ ಪರಿಚಿತನಾದ ಆದಿದೇವನೇ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ವೃತ್ತಿಗಳನ್ನು ಲೋಕಕ್ಕೆ ಕಲಿಸಿದನೆಂದು ಜಿನಸೇನಾಚಾರ್ಯರ ಪುರಾಣ ಹೇಳುತ್ತದೆ. ಗುಜರಾತ, ರಾಜಸ್ಥಾನಗಳ ಶ್ವೇತಾಂಬರ ವಣಿಕರ ಬದುಕನ್ನು ಕಂಡ ಆಂಗ್ಲ ಅಧಿಕಾರಿಗಳ ವರದಿಯನ್ನು ಸಮಸ್ತ ಜೈನರ ಲಕ್ಷಣವೆಂದು ವೆಬರ್ ಭಾವಿಸಿದನೆಂದು ತೋರುತ್ತದೆ. ಅಹಿಂಸೆ ಒಂದೆಡೆ ಅಂಗಡಿಗೂ ಇನ್ನೊಂದೆಡೆ ಹೊಲಕ್ಕೂ ಹೊಂದಿಕೊಂಡಿತೆಂದಾದರೆ, ಅಂಗಡಿಗೆ ಅಹಿಂಸೆಯೊಂದೇ ಕಾರಣವೆನ್ನುವುದು ಹೇಗೆ? ನಾಡಿನ ಮಾರ್ಗಗಳು, ರೇವುಗಳು, ಅರಸರ ಆಶ್ರಯ, ನೆಲದ ಹಂಚಿಕೆ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಎರಡನೆಯ ಸಾಕ್ಷಿಯಾಗಿ ಒಬ್ಬ ವ್ಯಾಪಾರಿಯನ್ನೇ ಕರೆಯೋಣ. ೧೫೮೬ರಲ್ಲಿ ಜೌನಪುರದಲ್ಲಿ ಹುಟ್ಟಿದ ಶ್ರೀಮಾಲ ವಂಶದ ಬನಾರಸೀದಾಸ ತನ್ನ ಐವತ್ತೈದನೆಯ ವಯಸ್ಸಿನಲ್ಲಿ, ೧೬೪೧ರಲ್ಲಿ, ಆಗ್ರಾದಲ್ಲಿ ಕುಳಿತು ತನ್ನ ಜೀವನವನ್ನು ತಾನೇ ಪದ್ಯದಲ್ಲಿ ಬರೆದ. ಮನುಷ್ಯನ ಪೂರ್ಣಾಯುಷ್ಯ ನೂರ ಹತ್ತು ವರ್ಷವೆಂದು ಎಣಿಸಿ, ಇದು ಅರ್ಧ ಮಾತ್ರವೆಂದು ‘ಅರ್ಧಕಥಾನಕ’ ಎಂಬ ಹೆಸರಿಟ್ಟ. ವೆಬರನ ಸಿದ್ಧಾಂತವನ್ನು ಒರೆಹಚ್ಚಲು ಇದಕ್ಕಿಂತ ಒಳ್ಳೆಯ ನಿಕಷ ದೊರೆಯದು. ಏಕೆಂದರೆ ಇಲ್ಲಿ ಮಾತನಾಡುವವನು ಶಾಸ್ತ್ರಕಾರನಲ್ಲ, ರತ್ನಪಡಿ ವ್ಯಾಪಾರದ ಮನೆತನದ ಮಗ.

ಈತ ಒಳ್ಳೆಯ ವ್ಯಾಪಾರಿಯಾಗಿರಲಿಲ್ಲ. ವ್ಯಾಪಾರಿಯ ಮಗನಿಗೆ ಹೆಚ್ಚು ಓದು ತರವಲ್ಲವೆಂದು ಹಿರಿಯರು ಹೇಳಿದರೂ ಕೇಳದೆ ಕಾವ್ಯಕ್ಕೂ ಪ್ರೇಮಕ್ಕೂ ಮನಸೋತ. ತಾನು ಬರೆದ ಶೃಂಗಾರ ಕಾವ್ಯವನ್ನು ಮುಂದೆ ತಾನೇ ಗೋಮತಿಗೆ ಎಸೆದ. ಮಂತ್ರ ಜಪಿಸಿದರೆ ದಿನಕ್ಕೊಂದು ಚಿನ್ನದ ನಾಣ್ಯ ಬಾಗಿಲಲ್ಲಿ ದೊರೆಯುವುದೆಂದು ಹೇಳಿದ ಕಪಟ ಸಂನ್ಯಾಸಿಯೊಬ್ಬನನ್ನು ನಂಬಿ ಮೋಸಹೋದ. ತಂದೆ ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಕೊಟ್ಟು ಆಗ್ರಾಕ್ಕೆ ಕಳಿಸಿದಾಗ ಇದ್ದುದೆಲ್ಲವೂ ಕೈಬಿಟ್ಟಿತು. ಬಟ್ಟೆಯ ಲಾಡಿಯಲ್ಲಿ ಅಡಗಿಸಿಟ್ಟಿದ್ದ ರತ್ನಗಳೂ ಹೋದುವು. ರಾತ್ರಿಯ ಹೊತ್ತು ನಾಲ್ಕು ಜನರಿಗೆ ‘ಮಧುಮಾಲತಿ’, ‘ಮೃಗಾವತಿ’ ಕಾವ್ಯಗಳನ್ನು ಓದಿ ಹೇಳುತ್ತ, ಕಚೋರಿ ಮಾರುವವನೊಬ್ಬನಲ್ಲಿ ತಿಂಗಳುಗಟ್ಟಲೆ ಸಾಲದ ಮೇಲೆ ಉಣ್ಣುತ್ತ ಕಾಲ ಕಳೆದ. ಆ ಕಚೋರಿಯವನು ಈತನ ಬಡತನ ತಿಳಿದೂ ಸಾಲ ಕೊಟ್ಟ; ಈತ ಮುಂದೆ ಅದನ್ನು ತೀರಿಸಿದ. ಪಾಲುಗಾರನೊಡನೆ ಎರಡು ವರ್ಷ ದುಡಿದು ಲೆಕ್ಕ ಮಾಡಿದರೆ ಲಾಭಕ್ಕೂ ಖರ್ಚಿಗೂ ಸರಿಹೋಗಿತ್ತು. ಮೂರು ಮದುವೆ, ಒಂಬತ್ತು ಮಕ್ಕಳು. ಒಂಬತ್ತು ಮಕ್ಕಳೂ ತೀರಿಕೊಂಡರು.

ರಾಜ್ಯದ ಸ್ಥಿತಿಯೂ ಈ ಕಥೆಯಲ್ಲಿ ಇಣುಕುತ್ತದೆ. ಬನಾರಸಿ ಬಾಲಕನಾಗಿದ್ದಾಗ ಜೌನಪುರದ ನವಾಬ ಅಲ್ಲಿಯ ರತ್ನವ್ಯಾಪಾರಿಗಳನ್ನು ಹಿಡಿಸಿ ಚಾವಟಿಯಿಂದ ಹೊಡೆಸಿದ. ಬಿಡುಗಡೆಯಾದವರು ಊರು ಬಿಟ್ಟು ದಿಕ್ಕುಪಾಲಾದರು. ೧೬೦೫ರಲ್ಲಿ ಅಕ್ಬರನು ತೀರಿಕೊಂಡ ಸುದ್ದಿ ಬಂದಾಗ ಊರವರು ಅಂಗಡಿ ಮುಚ್ಚಿ ಒಡವೆಗಳನ್ನು ನೆಲದಲ್ಲಿ ಹೂಳಿದರು. ಸುದ್ದಿ ಕೇಳಿದ ಬನಾರಸಿ ಮೆಟ್ಟಿಲಿನಿಂದ ಬಿದ್ದು ತಲೆ ಒಡೆದುಕೊಂಡ. ದಿಗ್ವ್ರತದಿಂದ ಸ್ಥಳಬದ್ಧನಾದ ವರ್ತಕನನ್ನು ಈ ಪುಸ್ತಕದಲ್ಲಿ ಹುಡುಕಿದರೆ ಸಿಗಲಾರ. ಜೌನಪುರ, ಆಗ್ರಾ, ಪಟ್ನಾಗಳ ನಡುವೆ ಇದರ ಜನ ಸದಾ ದಾರಿಯಲ್ಲಿಯೇ ಇರುತ್ತಾರೆ.

ಹಾಗಾದರೆ ಧರ್ಮ ಬನಾರಸಿಗೆ ಕೊಟ್ಟದ್ದೇನು? ಲಾಭವನ್ನಂತೂ ಅಲ್ಲ. ಮುಂದೆ ಆತ ಆಗ್ರಾದ ಅಧ್ಯಾತ್ಮ ಮಂಡಲಿಯ ಪ್ರಮುಖನಾದ. ಕುಂದಕುಂದಾಚಾರ್ಯರ ‘ಸಮಯಸಾರ’ವನ್ನು ಆಧರಿಸಿ ‘ಸಮಯಸಾರ ನಾಟಕ’ವನ್ನು ರಚಿಸಿದ. ಆತ್ಮಕಥೆಯ ಕೊನೆಗೆ ತನ್ನ ಗುಣಗಳನ್ನೂ ದೋಷಗಳನ್ನೂ ಎರಡು ಪಟ್ಟಿಯಾಗಿ ಎಣಿಸಿದ. ಜಮೆ ಖರ್ಚು ಬರೆಯುವ ಕೈಯೇ ಇಲ್ಲಿಯೂ ಬರೆದಿದೆ. ವ್ರತವು ಆತನನ್ನು ಉದ್ಯಮಿಯನ್ನಾಗಿ ಮಾಡಲಿಲ್ಲ, ತನ್ನ ಲೆಕ್ಕವನ್ನು ತಾನೇ ಒಪ್ಪಿಸುವವನನ್ನಾಗಿ ಮಾಡಿತು. ಮೌಲ್ಯಕ್ಕೂ ಉದ್ಯಮಕ್ಕೂ ಇರುವ ಸಂಬಂಧವನ್ನು ಈ ದಿಕ್ಕಿನಿಂದ ನೋಡುವುದು ಹೆಚ್ಚು ಫಲಕಾರಿ ಎಂಬುದು ನನ್ನ ಭಾವನೆ.

ವಿಚಿತ್ರವೆಂದರೆ ವೆಬರನೇ ಈ ದಾರಿಯನ್ನು ಒಮ್ಮೆ ತೋರಿದ್ದ. ೧೯೦೪ರಲ್ಲಿ ಆತ ಅಮೆರಿಕಾ ಪ್ರವಾಸ ಕೈಗೊಂಡಿದ್ದಾಗ ನಾರ್ತ್ ಕೆರೊಲೈನಾದಲ್ಲಿ ಬಂಧುಗಳ ಮನೆಗೆ ಹೋಗಿದ್ದ. ಅಲ್ಲಿ ಚಳಿಯ ಕೊಳದ ನೀರಿನಲ್ಲಿ ಮುಳುಗಿ ಬ್ಯಾಪ್ಟಿಸ್ಟ್ ದೀಕ್ಷೆ ಪಡೆಯುತ್ತಿದ್ದ ಒಬ್ಬನನ್ನು ತೋರಿಸಿ, ಆತ ಬ್ಯಾಂಕು ತೆರೆಯಲಿದ್ದಾನೆ, ಅದಕ್ಕಾಗಿ ದೀಕ್ಷೆ ಪಡೆಯುತ್ತಿದ್ದಾನೆ ಎಂದು ಬಂಧುವೊಬ್ಬ ಹೇಳಿದ. ಪಂಥವು ನಡತೆಯನ್ನು ಪರೀಕ್ಷಿಸಿಯೇ ಸೇರಿಸಿಕೊಳ್ಳುವುದರಿಂದ, ಪಂಥಕ್ಕೆ ಸೇರಿದವನನ್ನು ಊರೆಲ್ಲ ನಂಬುತ್ತದೆ ಎಂಬುದು ಆ ಮಾತಿನ ತಾತ್ಪರ್ಯ. ತತ್ತ್ವಕ್ಕಿಂತ ಸಹಧರ್ಮಿಗಳ ಕಣ್ಣೇ ಇಲ್ಲಿ ಕೆಲಸ ಮಾಡುತ್ತದೆ. ಪಂಥಗಳನ್ನು ಕುರಿತು ಆತ ೧೯೦೬ರಲ್ಲಿ ಬರೆದ ಈ ಚಿಕ್ಕ ಬರಹ ನನಗೆ ಆ ದೊಡ್ಡ ಪ್ರಬಂಧಕ್ಕಿಂತಲೂ ಮಿಗಿಲೆನಿಸುತ್ತದೆ.

ಇದಕ್ಕೆ ಇಂಗ್ಲೆಂಡಿನ ಕ್ವೇಕರ್ ಪಂಥಕ್ಕಿಂತ ಬೇರೆ ನಿದರ್ಶನ ಬೇಡ. ಪ್ರಮಾಣ ಮಾಡಲೊಪ್ಪದ, ಆಯುಧ ಹಿಡಿಯದ ಈ ಜನಕ್ಕೆ ವಿಶ್ವವಿದ್ಯಾಲಯಗಳೂ ಸರಕಾರಿ ಹುದ್ದೆಗಳೂ ಬಹುಕಾಲ ಮುಚ್ಚಿದ್ದುವು, ವ್ಯಾಪಾರಕ್ಕೆ ಬಂದರು. ಚೌಕಾಸಿಯಿಲ್ಲದೆ ಎಲ್ಲರಿಗೂ ಒಂದೇ ಬೆಲೆ ಹೇಳಿದರು. ಆದರೆ ಅವರ ವೈಶಿಷ್ಟ್ಯ ಇರುವುದು ತಿಂಗಳ ಸಭೆಯಲ್ಲಿ. ಸದಸ್ಯನ ವ್ಯವಹಾರದಲ್ಲಿ ತಪ್ಪು ಕಂಡರೆ ಸಭೆ ವಿಚಾರಿಸುತ್ತಿತ್ತು, ತಿದ್ದಿಕೊಳ್ಳದಿದ್ದರೆ ಬಹಿಷ್ಕರಿಸುತ್ತಿತ್ತು. ಸೆರೆಮನೆ ಸುಧಾರಣೆಯಿಂದ ಪ್ರಸಿದ್ಧಳಾದ ಎಲಿಜಬೆತ್ ಫ್ರೈಯ ಪತಿ ಜೋಸೆಫ್ ಫ್ರೈಯ ಬ್ಯಾಂಕು ೧೮೨೮ರಲ್ಲಿ ದಿವಾಳಿಯೆದ್ದಾಗ, ಆತನನ್ನು ಸದಸ್ಯತ್ವದಿಂದ ತೆಗೆದುಹಾಕಿದರು. ಪತ್ನಿಯ ಕೀರ್ತಿ ಆತನಿಗೆ ಆಸರೆಯಾಗಲಿಲ್ಲ. ಅದಕ್ಕೂ ಮೊದಲು ಬರ್ಮಿಂಗ್‌ಹ್ಯಾಮಿನ ಸ್ಯಾಮ್ಯುಯೆಲ್ ಗಾಲ್ಟನ್ ಎಂಬ ಬಂದೂಕು ತಯಾರಕನ ಪ್ರಸಂಗ ನಡೆಯಿತು. ಇದು ಪಿತ್ರಾರ್ಜಿತ ಉದ್ಯಮ, ಬೇರೆ ಉದ್ಯಮಗಳ ಸರಕೂ ತೆರಿಗೆಯೂ ಯುದ್ಧಕ್ಕೆ ಸಲ್ಲುತ್ತಿರುವಾಗ ನನ್ನೊಬ್ಬನನ್ನೇ ಏಕೆ ಕೇಳುತ್ತೀರಿ ಎಂಬ ಧಾಟಿಯಲ್ಲಿ ಆತ ವಾದಿಸಿದ. ವಾದದಲ್ಲಿ ಹುರುಳಿತ್ತು. ಆದರೂ ೧೭೯೬ರಲ್ಲಿ ಸಭೆ ಆತನನ್ನು ಹೊರಗಿಟ್ಟಿತು.

ಕ್ವೇಕರರನ್ನು ಆದರ್ಶವೆಂದು ಪೂಜಿಸಲೂ ಕಾರಣವಿಲ್ಲ. ೧೮೨೪ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಕ್ಯಾಡ್‌ಬರಿ ಚಹಾ, ಕಾಫಿ, ಕೋಕೋ ಮಾರುವ ಅಂಗಡಿ ತೆರೆದ. ಮದ್ಯಕ್ಕೆ ಬದಲಾಗಿ ಜನ ಇವನ್ನು ಕುಡಿಯಲಿ ಎಂಬುದು ಆ ಕುಟುಂಬದ ಆಶಯಗಳಲ್ಲೊಂದು. ಅಂಗಡಿ ಕಾರ್ಖಾನೆಯಾಯಿತು, ಕಾರ್ಮಿಕರಿಗಾಗಿ ತೋಟಗಳಿಂದ ಕೂಡಿದ ಬಡಾವಣೆ ಎದ್ದಿತು. ಇಷ್ಟರಲ್ಲಿ, ತಾವು ಕೊಳ್ಳುತ್ತಿದ್ದ ಕೋಕೋ ಬೆಳೆಯುವ ಪೋರ್ಚುಗೀಸರ ಸಾವ್ ಟೋಮೆ ದ್ವೀಪದಲ್ಲಿ ದುಡಿಯುವವರು ಗುಲಾಮರಂತೆ ತಂದವರು ಎಂಬ ಸುದ್ದಿ ೧೯೦೧ರಲ್ಲಿ ವಿಲಿಯಂ ಕ್ಯಾಡ್‌ಬರಿಗೆ ತಲುಪಿತು. ವಿಚಾರಣೆಗೆ ಪ್ರತಿನಿಧಿಯನ್ನು ಕಳಿಸಿದರು, ಸರಕಾರಗಳೊಡನೆ ಪತ್ರವ್ಯವಹಾರ ನಡೆಸಿದರು. ಖರೀದಿ ಮಾತ್ರ ೧೯೦೯ರ ಮಾರ್ಚಿಯವರೆಗೂ ನಿಲ್ಲಲಿಲ್ಲ. ಈ ಕಪಟವನ್ನು ಬಯಲಿಗೆಳೆದ ‘ಸ್ಟ್ಯಾಂಡರ್ಡ್’ ಪತ್ರಿಕೆಯ ಮೇಲೆ ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿತು. ೧೯೦೯ರ ಡಿಸೆಂಬರಿನಲ್ಲಿ ತೀರ್ಪುಗಾರರು ಕಂಪನಿಯ ಪರವಾಗಿಯೇ ತೀರ್ಮಾನಿಸಿ, ಪರಿಹಾರವೆಂದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ, ಕೊಡಿಸಿದರು. ನ್ಯಾಯಾಲಯದ ಇಷ್ಟು ತೀಕ್ಷ್ಣವಾದ ವ್ಯಂಗ್ಯವನ್ನು ನಾನು ಬೇರೆಡೆ ಓದಿಲ್ಲ. ಕದ್ದ ಮಾಲನ್ನು ಕೊಳ್ಳುವುದು ಅತಿಚಾರವಾದರೆ, ಕದ್ದ ಬಾಳುಗಳಿಂದ ಬೆಳೆದ ಮಾಲನ್ನು ಎಂಟು ವರ್ಷ ಕೊಂಡದ್ದು ಯಾವ ಹೆಸರಿಗೆ ಅರ್ಹ? ಹತ್ತಿರದ ತಪ್ಪನ್ನು ಕಾಣುವ ಸಭೆಯ ಕಣ್ಣು ಸಾಗರದಾಚೆಗೆ ಮಂಕಾಗಿತ್ತು.

ಜಪಾನಿನ ಉದಾಹರಣೆ ಇನ್ನೊಂದು ಬಗೆಯದು. ಸಂಕ್ಷೇಪವಾಗಿ ಹೇಳಿದರೆ ಸಾಕು. ಕನ್ಫ್ಯೂಷಿಯಸ್ ನೀತಿಯಿಂದ ಆಧುನಿಕ ಬಂಡವಾಳಶಾಹಿ ಹುಟ್ಟಲಾರದೆಂದು ವೆಬರ್ ಚೀನಾವನ್ನು ಕುರಿತು ಬರೆದ. ಜಪಾನಿನಲ್ಲಿ ಆ ನೀತಿಯ ಹೆಸರಿನಲ್ಲಿಯೇ ವರ್ತಕನನ್ನು ಯೋಧ, ರೈತ, ಕುಶಲಕರ್ಮಿಗಳ ಕೆಳಗೆ ಕೂರಿಸಿದ್ದುದೂ ನಿಜ. ಆದರೆ ೧೭೨೯ರಿಂದ ಕ್ಯೋಟೋದಲ್ಲಿ ಉಪನ್ಯಾಸ ಮಾಡಿದ ಇಶಿದಾ ಬೈಗಾನ್, ವರ್ತಕನ ಲಾಭವೂ ಯೋಧನ ವೇತನದಂತೆಯೇ ನ್ಯಾಯವಾದುದೆಂದು ಅದೇ ಪರಂಪರೆಯೊಳಗಿನಿಂದ ಸಾಧಿಸಿದ. ೧೮೭೩ರಲ್ಲಿ ದೇಶದ ಮೊದಲ ಆಧುನಿಕ ಬ್ಯಾಂಕನ್ನು ಕಟ್ಟಿ, ಮುಂದೆ ಸುಮಾರು ಐನೂರು ಕಂಪನಿಗಳ ಸ್ಥಾಪನೆಗೆ ನೆರವಾದ ಶಿಬುಸಾವಾ ಐಇಚಿ, ಕನ್ಫ್ಯೂಷಿಯಸನ ಸೂಕ್ತಿಸಂಗ್ರಹವೂ ಮಣಿಚೌಕಟ್ಟೂ ಒಂದೇ ಮೇಜಿನ ಮೇಲಿರಬೇಕೆಂದು ೧೯೧೬ರಲ್ಲಿ ಪುಸ್ತಕವನ್ನೇ ಹೊರತಂದ. ೨೦೨೪ರಿಂದ ಜಪಾನಿನ ಹತ್ತು ಸಾವಿರ ಯೆನ್ ನೋಟಿನ ಮೇಲೆ ಆತನ ಚಿತ್ರವಿದೆ. ಗ್ರಂಥ ಬದಲಾಗಲಿಲ್ಲ, ಓದುವವರು ಬದಲಾದರು.

ಮತ್ತೆ ನಮ್ಮವರ ಕಡೆಗೆ. ಜೈನರು ಕೈಗಾರಿಕೆಗೆ ಕೈಹಾಕಲಾರರೆಂಬ ವೆಬರನ ಮಾತನ್ನು ಆತನ ಪುಸ್ತಕದ ಮಸಿ ಆರುವ ಮೊದಲೇ ಸುಳ್ಳಾಗಿಸಿದವರು ಸೊಲ್ಲಾಪುರದ ವಾಲಚಂದ ಹೀರಾಚಂದರು. ದಿಗಂಬರ ಜೈನ ಮನೆತನದ ಇವರು ೧೯೧೯ರಲ್ಲಿ ಸಿಂಧಿಯಾ ಹಡಗು ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು. ಮುಂದೆ ಸಕ್ಕರೆ, ಹಡಗುಕಟ್ಟೆ, ಮೋಟಾರುಗಾಡಿ ಇವುಗಳಿಗೆ ಕೈಯಿಟ್ಟರು. ೧೯೪೦ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಬೆಂಗಳೂರಿನ ಇಂದಿನ ಔದ್ಯೋಗಿಕ ಮುಖ ರೂಪುಗೊಂಡುದರಲ್ಲಿ ಆ ಕಾರ್ಖಾನೆಯ ಪಾಲು ದೊಡ್ಡದು. ನಮ್ಮ ಭಾಷಣಕಾರರು ಈ ಹೆಸರನ್ನೂ ಹೆಮ್ಮೆಯಿಂದ ಉದ್ಧರಿಸುತ್ತಾರೆ, ಉದ್ಧರಿಸಲಿ. ಆದರೆ ಮಹಾಯುದ್ಧದ ನಡುವೆ ಹುಟ್ಟಿದ ಆ ಕಾರ್ಖಾನೆಯಿಂದ ಹೊರಬೀಳಬೇಕಾಗಿದ್ದುದು ಯುದ್ಧವಿಮಾನಗಳೂ ಹೌದಷ್ಟೆ. ದೇಶರಕ್ಷಣೆ ವಿರೋಧೀ ಹಿಂಸೆಯ ಕಕ್ಷೆಗೆ ಬರುತ್ತದೆ, ಶ್ರಾವಕನಿಗೆ ಅದು ಸರ್ವಥಾ ನಿಷಿದ್ಧವಲ್ಲ ಎಂದು ಸಮರ್ಥಿಸಲು ಬರುತ್ತದೆ. ನಾನೂ ಬಹುಶಃ ಹಾಗೆಯೇ ಸಮರ್ಥಿಸಿಯೇನು. ನನ್ನನ್ನು ಕಾಡುವುದು ಉತ್ತರವಲ್ಲ. ಗಾಲ್ಟನನಿಗೆ ಪ್ರಶ್ನೆ ಕೇಳುವ ಸಭೆಯೊಂದಿತ್ತು. ನಮ್ಮಲ್ಲಿ ದಾನಿಗೆ ಶಾಲು ಹೊದೆಸುವ ಸಭೆ ಇದೆ, ಆ ಹಣ ಯಾವ ವ್ಯವಹಾರದಿಂದ ಬಂದಿತೆಂದು ಕೇಳುವ ಸಭೆ ಎಲ್ಲಿದೆ?

ಅಪರಿಗ್ರಹದ ವಿಷಯದಲ್ಲಿ ವೆಬರನ ತಪ್ಪೂ ನಮ್ಮ ತಪ್ಪೂ ಒಂದೇ ಆಗಿರುವುದು ಇಲ್ಲಿಯೇ. ಸಂಪಾದನೆಗೆ ತಡೆಯಿಲ್ಲ, ಹೆಚ್ಚಾದುದನ್ನು ಕೊಟ್ಟರಾಯಿತು ಎಂದು ಆತ ತಿಳಿದ; ಹಾಗೆಯೇ ನಾವೂ ನಡೆದೆವು. ಪರಿಗ್ರಹ ಪರಿಮಾಣವ್ರತದ ಕ್ರಮ ಹಾಗಿಲ್ಲ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಇವುಗಳಿಗೆ ಮಿತಿಯನ್ನು ಮೊದಲೇ ಅಂಕಿಯಲ್ಲಿ ನಿಶ್ಚಯಿಸಬೇಕು. ಆ ಮಿತಿ ಮುಟ್ಟಿದ ದಿನ ಗಳಿಕೆಯ ಆಸೆಯೇ ನಿಲ್ಲಬೇಕು. ಮೀರಿದ ಮೇಲೆ ಕೊಡುವುದು ದಾನ, ಅದಕ್ಕೆ ಅದರದೇ ಪುಣ್ಯವಿದೆ. ಅದು ಈ ವ್ರತವಲ್ಲ. ಯಾವ ಅರ್ಥಶಾಸ್ತ್ರವೂ ಮೆಚ್ಚದ ಈ ಮಿತಿ ಉದ್ಯಮವನ್ನು ಬೆಳೆಸುವ ಮೌಲ್ಯವಲ್ಲ, ನಿಲ್ಲಿಸುವ ಮೌಲ್ಯ. ಬೆಳೆಯುತ್ತಲೇ ಇರಬೇಕಾದ ಕಾರ್ಖಾನೆಗೂ ನೂರಾರು ಜನರ ಅನ್ನಕ್ಕೂ ಇದನ್ನು ಹೇಗೆ ಹೊಂದಿಸುವುದೆಂಬುದು ಕಠಿನವಾದ ಪ್ರಶ್ನೆ. ಒಡೆಯನ ಮಿತಿಯೂ ಉದ್ಯಮದ ಮಿತಿಯೂ ಬೇರೆ ಬೇರೆ ಎಂದು ಕೆಲವರು ಹೇಳುವುದುಂಟು. ಅದು ಪ್ರಾಮಾಣಿಕ ಉತ್ತರವೋ ನುಣುಚಿಕೊಳ್ಳುವ ಜಾಣತನವೋ ಎಂಬುದು ಹೇಳುವವನ ಲೆಕ್ಕದ ಪುಸ್ತಕವನ್ನು ನೋಡಿದರೆ ತಿಳಿದೀತು.

ಅಜ್ಜನ ಲೆಕ್ಕದ ಪುಸ್ತಕಗಳು ನನ್ನ ಬಳಿ ಇವೆ. ಚಾತುರ್ಮಾಸಕ್ಕೆ ಬಂದಿದ್ದ ಮುನಿಮಹಾರಾಜರ ಸಮಕ್ಷಮದಲ್ಲಿ ಪರಿಮಾಣವ್ರತ ಸ್ವೀಕರಿಸಿದ ವರ್ಷದಿಂದ, ಪ್ರತಿ ದೀಪಾವಳಿಯ ಹೊಸ ಪುಸ್ತಕದ ಮೊದಲ ಪುಟದಲ್ಲಿ ಅವರು ಮಿತಿಯ ಅಂಕಿಯನ್ನು ಬರೆದಿದ್ದಾರೆ. ಒಂಬತ್ತು ಪುಸ್ತಕಗಳಲ್ಲಿ ಅದೇ ಅಂಕಿ. ಹತ್ತನೆಯದರಲ್ಲಿ ಅದನ್ನು ಹೊಡೆದುಹಾಕಿ ದೊಡ್ಡದೊಂದನ್ನು ಬರೆದು, ಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಇದು ದೋಷವೆಂದೂ ಮುಂದಿನ ಚಾತುರ್ಮಾಸದಲ್ಲಿ ಪ್ರಾಯಶ್ಚಿತ್ತ ಕೇಳಬೇಕೆಂದೂ ಬರೆದುಕೊಂಡಿದ್ದಾರೆ. ಅಂಗಡಿ ನನ್ನ ತಂದೆಯ ಕೈಗೆ ಬಂದ ಮೇಲಿನ ಪುಸ್ತಕಗಳಲ್ಲಿ ಮೊದಲ ಪುಟ ಲಾಭ ಶುಭಗಳಿಂದ ಆರಂಭವಾಗುತ್ತದೆ, ಅಂಕಿ ಇಲ್ಲ.